ಕಿರುಬೆರಳಿನ ಲೆಕ್ಕ

ಎರಡು ವರ್ಷದ ಹಿಂದೆ ನನ್ನ ಬಲಗೈ ಕಿರುಬೆರಳು ಇನ್ನು ಕೆಲಸ ಮಾಡಲ್ಲ ಅಂತ ಕೂತುಬಿಟ್ಟಿತು. ಮೊದಮೊದಲು ಸಂಜೆ ಹೊತ್ತಿಗೆ ಜೋಮು ಹಿಡಿದಂಗೆ ಆಗ್ತಿತ್ತು. ಆಮೇಲೆ ಬೆಳಿಗ್ಗೆ ಎದ್ದಾಗಲೂ. ಒಂದು ರಾತ್ರಿ ಮೊಸರನ್ನದ ಬಟ್ಟಲು ಎತ್ತುವಾಗ ಮಣಿಕಟ್ಟಿನಿಂದ ಮೊಣಕೈವರೆಗೂ ಚಳಕ್ ಅಂತು. ಡಾಕ್ಟರ ಹತ್ತಿರ ಹೋದೆ. ಅವರು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಟೈಪಿಂಗ್ ಅರ್ಧಕ್ಕೆ ಇಳಿಸಿ" ಅಂದರು. ಯಾವ ಅರ್ಧ? ಹಗಲಿನ ಅರ್ಧ ಕಂಪನಿಯದು, ಅದಕ್ಕೆ ಸಂಬಳ ಬರುತ್ತೆ. ರಾತ್ರಿಯ ಅರ್ಧ ಈ ಕನ್ನಡದ ಬರಹ, ಇದಕ್ಕೆ ಯಾರೂ ಮೂರು ಕಾಸು ಕೊಡಲ್ಲ. ಬಿಡಬೇಕಾದ್ದು ಯಾವುದು ಅಂತ ಹೇಳೋಕೆ ಬಿ.ಇ. ಓದಬೇಕಾಗಿಲ್ಲ. ಎರಡು ತಿಂಗಳು ಬಿಟ್ಟೂ ಬಿಟ್ಟೆ. ಮಾತಾಡಿದರೆ ಅಕ್ಷರ ಮಾಡಿಕೊಡುವ ಆ್ಯಪ್ ಒಂದನ್ನು ನಡುವೆ ಪ್ರಯತ್ನಿಸಿದೆ. ನನ್ನ ಅಮೃತೂರಿನ ಕನ್ನಡ ಕೇಳಿ ಅದು ಸುದ್ದಿ ಓದುವವರ ಕನ್ನಡ ಬರೆಯಿತು. ನಾನು "ಹೋಗವ್ನೆ" ಅಂದರೆ ಅದು "ಹೋಗುವನೇ" ಅಂತ ನನ್ನನ್ನೇ ಪ್ರಶ್ನೆ ಕೇಳಿತು.

ತಮಾಷೆ ಏನಂದ್ರೆ, ಆಗ ನನ್ನ ಮೇಜಿನ ಮೇಲೆ ಇದ್ದದ್ದು ಒಂಬತ್ತು ಸಾವಿರ ರೂಪಾಯಿಯ ಮೆಕ್ಯಾನಿಕಲ್ ಕೀಬೋರ್ಡ್. ದಿನವಿಡೀ ಟೈಪ್ ಮಾಡುವವರಿಗೆ ಆರಾಮ ಅಂತ ಹತ್ತಾರು ವಿಡಿಯೋ ನೋಡಿ, ಅಷ್ಟೇ ವಿಮರ್ಶೆ ಓದಿ, ರಜೆ ಹಾಕಿ ಬಿಡಿಸಿ ಜೋಡಿಸಿದ್ದು. ಹಾಗಾಗಿ ಈ ಬರಹ ಕೀಬೋರ್ಡುಗಳ ವಿಮರ್ಶೆ ಎಷ್ಟೋ, ಕೀಬೋರ್ಡ್ ವಿಮರ್ಶೆಗಳ ವಿಮರ್ಶೆಯೂ ಅಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರ್ ಜೊತೆ ಪುಕ್ಕಟೆ ಬರುವ ಕೀಬೋರ್ಡಿನೊಳಗೆ ಒಂದು ರಬ್ಬರ್ ಹಾಳೆ ಇರುತ್ತೆ. ಕೀಯನ್ನು ತಳ ಮುಟ್ಟುವವರೆಗೆ ಒತ್ತಿದರೇ ಅಕ್ಷರ ಬೀಳೋದು. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ತನ್ನದೇ ಸ್ಪ್ರಿಂಗು, ತನ್ನದೇ ಸ್ವಿಚ್ಚು. ಜರ್ಮನಿಯ ಚೆರಿ ಕಂಪನಿಯ ಎಂಎಕ್ಸ್ ಸ್ವಿಚ್ಚು 1980ರ ದಶಕದ್ದು. ಅದರ ಪೇಟೆಂಟ್ ಮುಗಿದ ಮೇಲೆ, ಅಂದರೆ ಕಳೆದ ದಶಕದ ನಡುವಿನಿಂದ, ಗೇಟರಾನ್, ಕೈಲ್, ಔಟೆಮು ಅಂತ ಚೀನಾದ ಕಂಪನಿಗಳು ಅದೇ ಮಾದರಿಯವನ್ನು ರಾಶಿರಾಶಿ ಮಾಡಿದವು. ಬೆಲೆ ಇಳೀತು, ಬಣ್ಣ ಹೆಚ್ಚಾಯ್ತು. ಮುಖ್ಯವಾಗಿ ಮೂರು ಜಾತಿ. ನೀಲಿ ಒತ್ತಿದರೆ ಟಿಕ್ ಅನ್ನುತ್ತೆ. ಕಂದು ಸದ್ದು ಮಾಡಲ್ಲ, ಆದರೆ ನಡುವೆ ಬೆರಳಿಗೊಂದು ಸಣ್ಣ ಎಡವು ಸಿಗುತ್ತೆ. ಕೆಂಪು ನೇರವಾಗಿ ಇಳಿಯುತ್ತೆ. ಚೆರಿಯವರ ಪ್ರಕಾರವೇ ಕೆಂಪಿಗೆ ಸುಮಾರು 45 ಗ್ರಾಂ ಒತ್ತಡ ಸಾಕು, ಕಂದಿಗೆ 55, ನೀಲಿಗೆ 60. ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತೆ, ಆದರೆ 2 ಮಿಲಿಮೀಟರ್ ಹೊತ್ತಿಗೇ ಅಕ್ಷರ ಬಿದ್ದಿರುತ್ತೆ. ತಳಕ್ಕೆ ಗುದ್ದಬೇಕಾಗಿಲ್ಲ ಅನ್ನೋದೇ ಇದರ ಅಸಲಿ ಸುಖ. ಅದನ್ನು ಕಲಿಯೋಕೆ ನನಗೆ ಮೂರು ವಾರ ಬೇಕಾಯ್ತು. ನಮ್ಮ ತಂಡದಲ್ಲಿ ಇನ್ನೂ ಕಲಿಯದವರಿದ್ದಾರೆ, ಅವರ ಕೋಡ್ ಪಕ್ಕದ ಮೀಟಿಂಗ್ ರೂಮಿಗೂ ಕೇಳುತ್ತೆ.

ಇಷ್ಟನ್ನು ಎಲ್ಲ ವಿಮರ್ಶಕರೂ ಹೇಳ್ತಾರೆ. ಹೇಳಿ, ಐದು ನಿಮಿಷದಲ್ಲಿ ಅಸಲಿ ವಿಷಯಕ್ಕೆ ಬರ್ತಾರೆ: ಸದ್ದು. ಮೈಕ್ ಹಿಡಿದು, ಕಣ್ಣು ಮುಚ್ಚಿ, ಇದು "ಥಾಕ್" ಅನ್ನುತ್ತೆ, ಅದು "ಕ್ಲ್ಯಾಕ್" ಅನ್ನುತ್ತೆ, ಮತ್ತೊಂದರಲ್ಲಿ ಮಳೆ ಹನಿಯ ನಾದವಿದೆ. ಒಳಗೆ ಫೋಮ್ ತುಂಬಿದರೆ ನಾದ ಬದಲಾಗುತ್ತೆ, ತಳಕ್ಕೆ ಟೇಪ್ ಅಂಟಿಸಿದರೆ ಇನ್ನೊಂದು ಥರ. ಘಟಂ ಕೊಳ್ಳೋಕೆ ಹೋದಂಗಿರುತ್ತೆ. ಆಮೇಲೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಒಂದು ಟೈಪಿಂಗ್ ಟೆಸ್ಟ್ ಬರೆದು, ನಿಮಿಷಕ್ಕೆ ಇಷ್ಟು ಪದ, "ಭಾಳ ಆರಾಮಾಗಿದೆ" ಅಂತ ತೀರ್ಪು. ಹತ್ತು ನಿಮಿಷ ಯಾವ ಕೀಬೋರ್ಡ್ ತಾನೇ ಆರಾಮಾಗಿರಲ್ಲ? ಹತ್ತು ನಿಮಿಷ ಕುಡ್ಲು ಹಿಡಿದು ರಾಗಿ ಕುಯ್ದರೆ ನನಗೂ ಖುಷಿಯೇ.

ನಮ್ಮಪ್ಪ ಗುದ್ದಲಿ ಕೊಳ್ಳುವಾಗ ಕಬ್ಬಿಣವನ್ನು ಸಂತೆಯಲ್ಲಿ ತಗೋತಿದ್ದರು. ಕಾವನ್ನು ಯಾವತ್ತೂ ಸಂತೆಯಲ್ಲಿ ತಗೊಂಡಿದ್ದಿಲ್ಲ. ಮರ ನೋಡಿ, ಆಚಾರಿ ಹತ್ತಿರ ತಮ್ಮ ಎತ್ತರಕ್ಕೆ ಅಳತೆ ಕೊಟ್ಟು, ಹಿಡಿಯುವ ಜಾಗದಲ್ಲಿ ಇನ್ನಷ್ಟು ನಯ ಮಾಡಿಸಿ ತರೋರು. "ಕಬ್ಣ ಯಾರ್ದಾದ್ರೂ ಆಯ್ತದೆ ಕಣ್ಲಾ, ಕಾವು ನಮ್ದೇ ಆಗ್ಬೇಕು" ಅನ್ನೋರು. ನಾನು ಒಂಬತ್ತು ಸಾವಿರ ಕೊಟ್ಟು ತಂದದ್ದು ಕಬ್ಬಿಣ. ಕಾವಿನ ಅಳತೆ ಬೇರೆ ಯಾರದೋ ಇತ್ತು ಅಂತ ಗೊತ್ತಾಗಿದ್ದು ಕುಣಿಗಲ್‌ನಲ್ಲಿ.

ತಂಗಿಯ ಮಗುವಿನ ನಾಮಕರಣದ ಕಾರ್ಡ್ ಮಾಡಿಸಬೇಕಿತ್ತು. ಒಂದು ಡಿಟಿಪಿ ಅಂಗಡಿಗೆ ಹೋದೆ. ಒಳಗೆ ನಲವತ್ತೈದರ ಆಸುಪಾಸಿನ ಅಕ್ಕ ಒಬ್ಬರು ನುಡಿಯಲ್ಲಿ ಒಂದು ಕ್ರಯಪತ್ರ ಹೊಡೀತಿದ್ದರು. ಮುಂದೆ ಹಳೆಯ ಟಿವಿಎಸ್ ಗೋಲ್ಡ್. ಬ್ಯಾಂಕಿನಲ್ಲಿ, ಟೈಪಿಂಗ್ ಪರೀಕ್ಷೆಯ ಹಾಲ್‌ಗಳಲ್ಲಿ ನೀವೂ ನೋಡಿರುತ್ತೀರಿ, ಟಿಕ್ ಟಿಕ್ ಟಿಕ್ ಅನ್ನೋದು. ಈ ಟಿವಿಎಸ್ ಎಲೆಕ್ಟ್ರಾನಿಕ್ಸ್ ನಮ್ಮ ತುಮಕೂರಿನಲ್ಲಿ ಕಾರ್ಖಾನೆ ಮಾಡಿದ ಕಂಪನಿ, ಆ ಅಭಿಮಾನದ ಪಕ್ಷಪಾತ ನನಗಿದೆ ಅಂತ ಮೊದಲೇ ಹೇಳಿಬಿಡ್ತೀನಿ. ಮೆಕ್ಯಾನಿಕಲ್ ಅನ್ನೋ ಪದ ಬೆಂಗಳೂರಿನಲ್ಲಿ ಫ್ಯಾಷನ್ ಆಗುವ ಎಷ್ಟೋ ವರ್ಷ ಮೊದಲೇ ಇದು ಚೆರಿಯ ನೀಲಿ ಸ್ವಿಚ್ ಹಾಕಿಕೊಂಡು ತಾಲ್ಲೂಕು ತಾಲ್ಲೂಕಿಗೂ ಹೋಗಿತ್ತು. ಅಕ್ಕನಿಗೆ ಸ್ವಿಚ್ಚಿನ ಬಣ್ಣ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ನಾನು ನೋಡಿದ್ದು ಕೀಗಳ ಮೇಲಿನ ಅಕ್ಷರ. ಬೇರೆಲ್ಲ ಕೀಗಳಲ್ಲಿ ಅಕ್ಷರ ಮಾಸಿದ್ದರೂ ಕಾಣ್ತಿತ್ತು. ಮೂರರಲ್ಲಿ ಮಾತ್ರ ಏನೇನೂ ಉಳಿದಿರಲಿಲ್ಲ, ದೇವಸ್ಥಾನದ ಹೊಸಿಲಿನಂಗೆ ಸವೆದು ಹೊಳೀತಿದ್ದವು: ಎ, ಎಫ್, ಬಲಗಡೆಯ ಶಿಫ್ಟ್.

"ಕೈ ನೋಯಲ್ವೇನಕ್ಕಾ?" ಅಂತ ಕೇಳಿದೆ.

"ಯಾವ್ದು ಸಾರ್? ಈ ಬೆರಳಾ?" ಅಂತ ನಾನು ಕೇಳುವ ಮೊದಲೇ ಬಲಗೈ ಕಿರುಬೆರಳು ಎತ್ತಿ ತೋರಿಸಿದರು. ರಾತ್ರಿ ಹೊತ್ತು ಬಿಸಿನೀರಲ್ಲಿ ಇಟ್ಕೋತಾರಂತೆ.

ಕಾರ್ಡ್ ಪ್ರೂಫ್ ನೋಡೋದು ಬಿಟ್ಟು ನಾನು ಲೆಕ್ಕ ಶುರು ಮಾಡಿದೆ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸ, ಸರ್ಕಾರ ಒಪ್ಪಿ ಅಧಿಕೃತ ಮಾಡಿದ್ದು. ಅದರ ಜಾಣತನ ಎಂಥದ್ದು ಅಂದರೆ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಗೊತ್ತಿದ್ದವರು ಒಂದು ಮಧ್ಯಾಹ್ನದಲ್ಲಿ ಕನ್ನಡ ಬರೆಯೋಕೆ ಶುರು ಮಾಡಬಹುದು. ಕೆ ಒತ್ತಿದರೆ ಕ, ಅಕಾರಕ್ಕೆ ಬೇರೆ ಕೀ ಬೇಡ. ಒತ್ತಕ್ಷರಕ್ಕೆ ನಡುವೆ ಎಫ್. ಕನ್ನಡ ಅನ್ನೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಒತ್ತು. ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಏಳು. ಆದರೆ ಈ ಉಳಿತಾಯಕ್ಕೆ ಒಂದು ತೆರಿಗೆ ಇದೆ. ದೀರ್ಘ ಸ್ವರಗಳೆಲ್ಲ ಶಿಫ್ಟ್. ಮಹಾಪ್ರಾಣಗಳು ಶಿಫ್ಟ್. ಣ, ಳ, ಶ ಶಿಫ್ಟ್. ಸೊನ್ನೆ ಕೂಡ ಶಿಫ್ಟ್. ಆ ತೆರಿಗೆಯನ್ನು ಕಟ್ಟೋದು ಹತ್ತು ಬೆರಳಲ್ಲಿ ಅತ್ಯಂತ ಬಡವ, ಕಿರುಬೆರಳು.

ನಮ್ಮೂರ ಪಕ್ಕದ ಜಲಾಶಯದ ಹೆಸರು ತಗೊಳ್ಳಿ, ಮಾರ್ಕೋನಹಳ್ಳಿ. ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ, ಮೊದಲ ಅಕ್ಷರಕ್ಕೆ ಮಾತ್ರ ಒಂದು ಶಿಫ್ಟ್. ನುಡಿಯಲ್ಲೂ ಸರಿಯಾಗಿ ಹನ್ನೆರಡೇ ಒತ್ತು, ಆದರೆ ನಾಲ್ಕು ಶಿಫ್ಟ್: ಕಾಗುಣಿತದ ಆ, ಓ, ಎರಡು ಳ. ಒಂದು ಪದ ಸಾಲದು ಅನ್ನೋರಿಗೆ ಒಂದು ವಾಕ್ಯ: "ನಮ್ಮೂರಿನ ಕೆರೆ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಗುತ್ತಿತ್ತು." ಖಾಲಿ ಜಾಗ ಬಿಟ್ಟು 48 ಒತ್ತು, ಅದರಲ್ಲಿ 8 ಶಿಫ್ಟ್. ಆರಕ್ಕೊಂದು! ಇಂಗ್ಲಿಷಿನಲ್ಲಿ ಇಂಥ ವಾಕ್ಯಕ್ಕೆ ಶುರುವಿನಲ್ಲಿ ಒಂದು ದೊಡ್ಡಕ್ಷರ ಬಂದರೆ ಮುಗೀತು. ಬರಹದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವವರು ನಗಬೇಡಿ, ನಿಮಗೆ ಟ, ಡ ಕೂಡ ಶಿಫ್ಟೇ, ಇದೇ ವಾಕ್ಯಕ್ಕೆ ಹತ್ತಾಗುತ್ತೆ. ಹಗಲೆಲ್ಲ ಕೋಡ್ ಬರೆಯುವ ನಮ್ಮಂಥವರಿಗೆ ಆವರಣ ಚಿಹ್ನೆ, ಅಂಡರ್‌ಸ್ಕೋರು, ಉದ್ಧರಣ ಚಿಹ್ನೆಯ ಶಿಫ್ಟುಗಳು ಬೇರೆ. ಅಂದರೆ ನನ್ನ ಕಿರುಬೆರಳು ಹಗಲು ಕೂಲಿ, ರಾತ್ರಿ ಜೀತ.

ಇನ್ನು ಎಫ್. ಇಂಗ್ಲಿಷಿನಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ನಮ್ಮಲ್ಲಿ ಒತ್ತಕ್ಷರಕ್ಕೂ ಅದೇ, ಅರ್ಧಾಕ್ಷರಕ್ಕೂ ಅದೇ. ಸಾಫ್ಟ್‌ವೇರ್ ಅನ್ನೋ ಒಂದು ಪದಕ್ಕೆ ಮೂರು ಎಫ್. ನನ್ನ ಈ ಅಂಕಣದಲ್ಲಿ ಇಂಗ್ಲಿಷ್ ಪದ ಜಾಸ್ತಿ ಅಂತ ಬಯ್ಯುವ ಓದುಗರೇ, ಅದರ ಶಿಕ್ಷೆ ನನ್ನ ಎಡ ತೋರುಬೆರಳು ಅನುಭವಿಸ್ತಾ ಇದೆ. ಪುಣ್ಯಕ್ಕೆ ತೋರುಬೆರಳು ಗಟ್ಟಿ, ಎಫ್ ಇರೋದೂ ಅದು ಸುಮ್ಮನೆ ಕೂತಿರುವ ಜಾಗದಲ್ಲೇ. ಹಾಗಾಗಿ ಎಫ್ ಸವೆಯುತ್ತೆ, ಬೆರಳು ಸವೆಯಲ್ಲ. ಎಬಿಎಸ್ ಪ್ಲಾಸ್ಟಿಕ್‌ನ ಕೀಮುಚ್ಚಳ ಬೇಗ ಎಣ್ಣೆ ಹಚ್ಚಿದಂಗಾಗುತ್ತೆ, ಪಿಬಿಟಿ ತಡೆಯುತ್ತೆ. ವಿಮರ್ಶಕರು ಹೇಳಿದ್ದರಲ್ಲಿ ನನಗೆ ಉಪಯೋಗಕ್ಕೆ ಬಂದ ಮಾತು ಇದೊಂದು.

ಈ ಲೆಕ್ಕ ಹಿಡ್ಕೊಂಡು ಮತ್ತೆ ಸ್ವಿಚ್ಚುಗಳನ್ನು ನೋಡಿ. ದಿನಕ್ಕೆ ಇಪ್ಪತ್ತು ಸಾವಿರ ಒತ್ತು ಅಂತಿಟ್ಕೊಳ್ಳಿ. ನೀಲಿಗೂ ಕೆಂಪಿಗೂ ಒಂದು ಒತ್ತಿಗೆ 15 ಗ್ರಾಂ ವ್ಯತ್ಯಾಸ. ಗುಣಿಸಿದರೆ ಮೂರು ಕ್ವಿಂಟಾಲ್. ಫಿಸಿಕ್ಸ್ ಮೇಷ್ಟ್ರು ಹೀಗೆಲ್ಲ ಕೂಡಬಾರದು ಅಂತಾರೆ, ಸರಿಯೇ. ಆದರೂ ಮೂರು ಕ್ವಿಂಟಾಲ್ ರಾಗಿಯನ್ನು ಹದಿನೈದು ಹದಿನೈದು ಗ್ರಾಮಿನಂತೆ ಅಟ್ಟಕ್ಕೆ ಏರಿಸಿದವನಿಗೆ ಸಂಜೆ ಹೇಗಿರುತ್ತೆ ಅಂತ ಮೇಷ್ಟ್ರು ಒಂದು ಸಲ ಯೋಚನೆ ಮಾಡಲಿ. ಅದರ ಮೇಲೆ, ಶಿಫ್ಟನ್ನು ಒತ್ತಿ ಬಿಡೋ ಹಾಗಿಲ್ಲ, ಜೊತೆಯ ಅಕ್ಷರ ಬೀಳುವವರೆಗೆ ಹಿಡಿದಿರಬೇಕು.

ಟಿವಿಎಸ್ ಗೋಲ್ಡ್ ಬಗ್ಗೆ ನನ್ನ ತೀರ್ಪು ಇದು: ದುಡ್ಡಿಗೆ ಮೋಸವಿಲ್ಲ, ವರ್ಷಗಟ್ಟಲೆ ಬಾಳುತ್ತೆ, ಅಕ್ಷರ ಬಿತ್ತೋ ಇಲ್ಲವೋ ಅನ್ನೋ ಅನುಮಾನ ಬರಲ್ಲ. ನೋಡದೆ ಟೈಪ್ ಮಾಡೋದು ಕಲಿಯುವವರಿಗೆ ಆ ಟಿಕ್ ಒಳ್ಳೆಯ ಮೇಷ್ಟ್ರು. ಆದರೆ ದಿನಕ್ಕೆ ಎಂಟು ಗಂಟೆ ಕನ್ನಡ ಹೊಡೆಯುವವರ ಕಿರುಬೆರಳಿಗೆ ನೀಲಿ ಭಾರವೇ. ಮನೆಯಲ್ಲಿ ಮಗು ಮಲಗಿದ್ದರೆ ಇನ್ನೂ ಭಾರ. ನನ್ನ ಒಂಬತ್ತು ಸಾವಿರದ್ದು ಕಂದು. ಕಂದು ಅಂದರೆ ಮದುವೆ ಮನೆಯಲ್ಲಿ ಎರಡೂ ಕಡೆಯವರಿಗೆ ಬೇಕಾದ ದೊಡ್ಡಪ್ಪನ ಥರ, ಯಾರಿಗೂ ಬೇಜಾರು ಮಾಡಲ್ಲ, ಯಾರಿಗೂ ಕೆಲಸಕ್ಕೆ ಬರಲ್ಲ. ಕೆಂಪಿಗೆ ಬಂದ ಮೇಲೆ ಎರಡು ವಾರ ತಪ್ಪು ಅಕ್ಷರ ಬಿದ್ದವು, ಬೆರಳು ಸುಮ್ಮನೆ ಕೂತರೂ ಒತ್ತಿಹೋಗ್ತಿತ್ತು. ಆಮೇಲೆ ಬೆರಳು ಸುಮ್ಮನೆ ಕೂರೋದು ಕಲೀತು.

ಇಲ್ಲಿ ಒಂದು ಪಾಪ ಒಪ್ಪಿಕೊಳ್ಳಬೇಕು. ಶಿಫ್ಟಿನ ಕಾಟಕ್ಕೆ ಅಸಲಿ ಮದ್ದು ಬಹಳ ಕಾಲದಿಂದಲೇ ಇದೆ, ಇನ್‌ಸ್ಕ್ರಿಪ್ಟ್. 1991ರ ಭಾರತೀಯ ಮಾನಕದಲ್ಲೇ ಸೇರಿರುವ ವಿನ್ಯಾಸ, ಎಲ್ಲ ವಿಂಡೋಸ್ ಕಂಪ್ಯೂಟರಿನಲ್ಲೂ ಪುಕ್ಕಟೆ ಇರುತ್ತೆ. ಕಾಗುಣಿತದ ಚಿಹ್ನೆಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ದೀರ್ಘಕ್ಕೆ ಶಿಫ್ಟ್ ಬೇಡ. ಆ ಕೆರೆ ಕೋಡಿಯ ವಾಕ್ಯವನ್ನೇ ಇನ್‌ಸ್ಕ್ರಿಪ್ಟಿನಲ್ಲಿ ಲೆಕ್ಕ ಹಾಕಿದೆ. ಒತ್ತು ಅದೇ 48, ಶಿಫ್ಟ್ ಎರಡೇ, ಎರಡೂ ಪದದ ಮೊದಲಿನ ಊಕಾರಕ್ಕೆ. ಎಂಟೆಲ್ಲಿ, ಎರಡೆಲ್ಲಿ! ಎರಡು ತಿಂಗಳು ಕನ್ನಡ ಬರೆಯೋದೇ ಬಿಟ್ಟಿದ್ದ ನಾನು ಅದೇ ಎರಡು ತಿಂಗಳಲ್ಲಿ ಇದನ್ನು ಕಲೀಬಹುದಿತ್ತು. ಕಲೀಲಿಲ್ಲ. ಹತ್ತು ದಿನ ಪ್ರಯತ್ನಿಸಿದೆ, ಎಲ್ ಒತ್ತಿದರೆ ತ ಬರೋದು ತಲೆಗೆ ಹೋಗಲೇ ಇಲ್ಲ. ಹದಿನೈದು ವರ್ಷದಿಂದ ಕೆ ಅಂದರೆ ಕ, ಎಲ್ ಅಂದರೆ ಲ ಅಂತ ಬೆರಳಿಗೆ ಅಕ್ಷರಾಭ್ಯಾಸ ಆಗಿಬಿಟ್ಟಿದೆ. ನಿಮಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಾಗಿದ್ದು, ಈಗಷ್ಟೇ ಕನ್ನಡ ಟೈಪಿಂಗ್ ಶುರು ಮಾಡ್ತಿದ್ದರೆ, ಕೀಬೋರ್ಡಿನ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ಇನ್‌ಸ್ಕ್ರಿಪ್ಟ್ ಕಲೀರಿ. ನನ್ನಂಥ ಹಳೇ ಎತ್ತುಗಳಿಗೆ ಮುಂದಿನ ಪ್ಯಾರಾಗಳು.

2020ರ ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ಎಂಟು ತಿಂಗಳು ಇದ್ದೆ. ಮನೆಯಲ್ಲಿ ಮೇಜಿರಲಿಲ್ಲ. ಜಗಲಿ ಮೇಲೆ ಚಾಪೆ ಹಾಕಿ, ಚಕ್ಕಳಮಕ್ಕಳ ಕೂತು, ಊಟದ ಮಣೆ ಮೇಲೆ ಕೀಬೋರ್ಡ್ ಇಟ್ಕೊಂಡು ಕೆಲಸ ಮಾಡಿದೆ. (ಕೀಬೋರ್ಡಿಗೆ ಕೀಲಿಮಣೆ ಅಂತ ಹೆಸರಿಟ್ಟವರು ಇದನ್ನು ನೋಡಬೇಕಿತ್ತು.) ಆಗ ನನ್ನ ಹತ್ತಿರ ಇದ್ದದ್ದು ನೀಲಿ ಸ್ವಿಚ್ಚಿನದು. ಅಮ್ಮ ಅಡುಗೆಮನೆಯಿಂದಲೇ, "ಏನ್ಲಾ ಅದು, ಹುರುಳಿ ಹುರಿದಂಗೆ?" ಅಂತ ಕೇಳೋರು. ಆ ಎಂಟು ತಿಂಗಳು ಅದೇ ಭಾರದ ಸ್ವಿಚ್ಚು, ಅದೇ ಶಿಫ್ಟು, ಬೆರಳಿನ ಸದ್ದೇ ಇರಲಿಲ್ಲ. ನೋವು ಶುರುವಾಗಿದ್ದು ವಾಪಸ್ ಬಂದು ಬೆಂಗಳೂರಿನ ಮೇಜಿಗೆ ಕೂತ ಮೇಲೆ.

ಅರ್ಥ ಆಗೋಕೆ ತಡವಾಯ್ತು. ಮಣೆ ಮೇಲಿದ್ದಾಗ ಕೀಬೋರ್ಡ್ ನನ್ನ ಮೊಣಕೈಗಿಂತ ಕೆಳಗಿತ್ತು, ಮಣಿಕಟ್ಟು ನೆಟ್ಟಗಿತ್ತು. ಆಫೀಸ್ ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರ. ನಾನು ಐದಡಿ ನಾಲ್ಕಿಂಚು. ಅದರ ಮೇಲೆ ಮೆಕ್ಯಾನಿಕಲ್ ಕೀಬೋರ್ಡ್ ಅಂದರೆ ಇನ್ನೂ ಎರಡು ಮೂರು ಸೆಂಟಿಮೀಟರ್ ದಪ್ಪ. ಅದರ ಮೇಲೆ ಹಿಂಭಾಗದ ಕಾಲುಗಳನ್ನು ಬಿಡಿಸಿ ಇಳಿಜಾರು ಮಾಡ್ತೀವಿ, ಯಾಕಂದ್ರೆ ಕಾಲು ಇದೆ! ಆ ಕಾಲು ಬಿಡಿಸಿದರೆ ಅಂಗೈ ಹಿಂದಕ್ಕೆ ಬಾಗುತ್ತೆ. ಬಾಗಿದ ಕೈಯಲ್ಲಿ ಕಿರುಬೆರಳನ್ನು ಹೊರಗೆ ಚಾಚಿ ಶಿಫ್ಟ್ ಹಿಡಿದು ನೋಡಿ, ಈಗಲೇ, ಓದ್ತಾ ಓದ್ತಾ. ಎಳೆತ ಎಲ್ಲಿಯವರೆಗೆ ಹೋಯ್ತು? ಒಂಬತ್ತು ಸಾವಿರದ ಕೀಬೋರ್ಡಿನ ಕಾಲು ಮಡಚಿ, ಕುರ್ಚಿ ಎತ್ತರಿಸಿ, ಕಾಲಡಿಗೆ ಎರಡು ಹಳೇ ಜಾವಾ ಪುಸ್ತಕ ಇಟ್ಟೆ. ಆ ಪುಸ್ತಕಗಳಿಂದ ಇಷ್ಟು ಉಪಯೋಗ ಕಾಲೇಜಿನಲ್ಲೂ ಆಗಿರಲಿಲ್ಲ. ಅರ್ಧ ನೋವು ಅಲ್ಲೇ ಹೋಯ್ತು. ಯಾವ ವಿಡಿಯೋದಲ್ಲೂ ಇದು ಮೊದಲ ಐದು ನಿಮಿಷದಲ್ಲಿ ಬರಲ್ಲ, ಯಾಕಂದ್ರೆ ಮಡಚಿದ ಕಾಲಿಗೆ ಥಾಕ್ ಇಲ್ಲ.

ಎರಡು ಹೋಳಾಗಿ ಬರುವ ಸ್ಪ್ಲಿಟ್ ಕೀಬೋರ್ಡುಗಳೂ ಇವೆ, ಕಿನೆಸಿಸ್, ಎರ್ಗೋಡಾಕ್ಸ್ ಥರದವು. ಭುಜ ಅಗಲವಾಗಿರುತ್ತೆ, ಹೆಬ್ಬೆರಳಿಗೆ ನಾಲ್ಕಾರು ಕೀ ಸಿಗುತ್ತೆ. ಗೆಳೆಯನದನ್ನು ಹದಿನೈದು ದಿನ ಬಳಸಿದೆ. ವಸ್ತು ಒಳ್ಳೇದು, ಆದರೆ ಆ ಬೆಲೆಗೆ ಊರಲ್ಲಿ ಒಂದು ಸೀಮೆಹಸು ಬರುತ್ತಲ್ಲ ಅನ್ನೋ ಲೆಕ್ಕ ತಲೆಯಿಂದ ಹೋಗಲಿಲ್ಲ. ಅದರಿಂದ ಕಲಿತದ್ದು ಮಾತ್ರ ಇಟ್ಟುಕೊಂಡೆ: ಶಿಫ್ಟ್ ಹೆಬ್ಬೆರಳಿನ ಕೆಲಸ. ಹತ್ತು ಬೆರಳಲ್ಲಿ ಗಟ್ಟಿಯಾದ ಎರಡಕ್ಕೆ ನಾವು ಬರೀ ಸ್ಪೇಸ್‌ಬಾರ್ ಕೊಟ್ಟು ಕೂರಿಸಿದ್ದೀವಿ.

ಈಗ ನನ್ನ ಮೇಜಿನ ಮೇಲಿರೋದು ನಂಬರ್ ಪ್ಯಾಡ್ ಇಲ್ಲದ, ಸ್ವಿಚ್ಚನ್ನು ಬೆಸುಗೆ ಬಿಡಿಸದೆ ಕಿತ್ತು ಹಾಕಬಹುದಾದ ಸಾಧಾರಣ ಬೋರ್ಡು. ನಂಬರ್ ಪ್ಯಾಡ್ ಇಲ್ಲದ್ದಕ್ಕೆ ಮೌಸ್ ಹತ್ತಿರ ಬಂತು, ಬಲ ಭುಜ ಬದುಕಿತು. ಎಲ್ಲ ಕಡೆ ಕೆಂಪು, ಎ ಕೀಗೂ ಎರಡು ಶಿಫ್ಟಿಗೂ ಮಾತ್ರ 35 ಗ್ರಾಮಿನ ಸ್ಪ್ರಿಂಗು. ಸ್ಪೇಸ್‌ಬಾರಿನ ಬಲಕ್ಕಿರುವ ಆಲ್ಟ್ ಕೀಯನ್ನು ಶಿಫ್ಟ್ ಮಾಡಿಕೊಂಡಿದ್ದೀನಿ, ಬೋರ್ಡಿನಲ್ಲೇ ಮಾಡಬಹುದು. ಆಗದಿದ್ದರೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಅನ್ನೋ ಪುಕ್ಕಟೆ ತಂತ್ರಾಂಶದಲ್ಲೂ ಆಗುತ್ತೆ. ಖರ್ಚು ಮೊದಲಿನದರ ಅರ್ಧ. ನಾದದ ಬಗ್ಗೆ ಕೇಳಬೇಡಿ, ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂಗಿದೆ. ಈ ಬರಹದ ಅಷ್ಟೂ ದೀರ್ಘಗಳನ್ನು ಹೆಬ್ಬೆರಳಿನಲ್ಲೇ ಬರೆದಿದ್ದೀನಿ. ಕಿರುಬೆರಳು ಪೂರ್ತಿ ಸರಿಹೋಗಿಲ್ಲ, ಚಳಿಗಾಲದಲ್ಲಿ ಗೊಣಗುತ್ತೆ. ಒಬ್ಬನ ಒಂದು ಕೈಯ ಕಥೆ ಇದು, ನಿಮ್ಮ ಕೈಗೆ ನಿಮ್ಮ ಡಾಕ್ಟರನ್ನೇ ಕೇಳಿ.

ಹೋದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಕುಣಿಗಲ್‌ನಲ್ಲಿ ಇಳಿದು ಆ ಅಂಗಡಿಗೆ ಹೋದೆ. ವಿಂಡೋಸ್‌ನಲ್ಲಿ ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಅಂತ ಒಂದು ಕಿಟಕಿ ಬರುತ್ತೆ, ನಾವೆಲ್ಲ ಕಿರಿಕಿರಿಯಿಂದ ಮುಚ್ಚುತ್ತೀವಲ್ಲ, ಅದು. ಅದನ್ನು ಒಪ್ಪಿಕೊಂಡರೆ ಶಿಫ್ಟ್ ಹಿಡಿದಿರಬೇಕಾಗಿಲ್ಲ, ಒಂದು ಸಲ ತಟ್ಟಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ತಾನೇ ಅಂಟುತ್ತೆ. ಅಕ್ಕನಿಗೆ ಹಾಕಿಕೊಟ್ಟೆ, ಅದರ ಬೀಪ್ ಸದ್ದನ್ನೂ ತೆಗೆದೆ. ನಾಲ್ಕು ಸಾಲು ಹೊಡೆದು ನೋಡಿ, "ಪರ್ವಾಗಿಲ್ವೇ ಸಾರ್, ಇಷ್ಟ್ ವರ್ಷ ಇದು ಇದ್ರಲ್ಲೇ ಇತ್ತಾ?" ಅಂದರು. ನನ್ನ ಹತ್ತಿರ ಮಿಕ್ಕಿದ್ದ ಪಿಬಿಟಿ ಮುಚ್ಚಳಗಳನ್ನೂ ಒಯ್ದಿದ್ದೆ. ಎ, ಎಫ್ ಎರಡೂ ಸರಿಯಾಗಿ ಕೂತವು. ಕಪ್ಪು ಬೋರ್ಡಿನಲ್ಲಿ ಅವೆರಡೇ ಕಿತ್ತಳೆ ಬಣ್ಣ. ಶಿಫ್ಟಿನದು ಅಳತೆ ಕೂಡಲಿಲ್ಲ, ಅಲ್ಲಿ ಹಳೆಯದೇ ಇದೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು, ಜೊತೆಗೆ ಒಂದು ಪ್ರಶ್ನೆ: ಅಂಗಡಿಗೆ ಬಂದವರೆಲ್ಲ ಈ ಎರಡು ಕೀ ಯಾಕೆ ಬೇರೆ ಬಣ್ಣ ಅಂತ ಕೇಳ್ತಾರೆ, ಏನು ಹೇಳಲಿ?